ಬೆಳೆ ಪರಿಹಾರದ ದುಡ್ಡು, ಊರಿನ ಪಟ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅರಸೀಕೆರೆ, ಕಡೂರು ಕಡೆ ಮಳೆ ಕೈಕೊಟ್ಟರೆ ರಾಗಿ ಹೋಗುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಮಳೆ ನಿಲ್ಲದಿದ್ದರೆ ಕಾಫಿ ಕಾಯಿ ಉದುರುತ್ತದೆ. ಎರಡೂ ಕಡೆ ಆಮೇಲೆ ಕೇಳಿಬರುವ ಮಾತು ಮಾತ್ರ ಒಂದೇ: "ಪರಿಹಾರ ಬಂತಾ?"

ನಮ್ಮದು ಬಾಣಾವರ ಕಡೆಯ ಒಂದು ಸಣ್ಣ ಊರು. ಫೋನಿನಲ್ಲಿ ಪರಿಹಾರ ಬಂದವರ ಪಟ್ಟಿ ತೆಗೆಯಲು ಬರುತ್ತದೆ ಅನ್ನುವ ಒಂದೇ ತಪ್ಪಿಗೆ ಊರವರೆಲ್ಲ ನನ್ನ ಜಗಲಿಗೆ ಬರುತ್ತಾರೆ. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಮೂಡಿಗೆರೆ ಕಡೆಯ ನೆಂಟರ ಪ್ರಶ್ನೆಗಳೂ ಸೇರಿವೆ.

ಪರಿಹಾರ ಅಂದರೆ ನಮ್ಮ ನಷ್ಟವನ್ನೆಲ್ಲ ತುಂಬಿ ಕೊಡೋದಾ?

ಅಲ್ಲ. ಸರ್ಕಾರಿ ಭಾಷೆಯಲ್ಲಿ ಇದರ ಹೆಸರು ಇನ್‌ಪುಟ್ ಸಬ್ಸಿಡಿ. ಅಂದರೆ ಮುಂದಿನ ಬಿತ್ತನೆಗೆ ಬೀಜ, ಗೊಬ್ಬರಕ್ಕೆ ಒಂದಷ್ಟು ಆಸರೆ. ಬೆಳೆಯ ಬೆಲೆಯನ್ನು ಇದು ಕೊಡುವುದಿಲ್ಲ. ಎಕರೆಗೆ ಎಷ್ಟು ಕ್ವಿಂಟಲ್ ಹೋಯಿತು, ಮಾರುಕಟ್ಟೆಯಲ್ಲಿ ಎಷ್ಟು ರೇಟು ಇತ್ತು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಬೆಳೆ ನಷ್ಟ ಶೇ 33 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವಿಸ್ತೀರ್ಣಕ್ಕೆ ತಕ್ಕ ಹಾಗೆ ಕೊಡುತ್ತಾರೆ, ಅಷ್ಟೇ. ಶೇ 30 ಹೋದವನಿಗೆ ಏನೂ ಇಲ್ಲ, ಪೂರ್ತಿ ಹೋದವನಿಗೂ ಶೇ 35 ಹೋದವನಿಗೂ ಒಂದೇ. ಇದು ಸರಿಯಾ ಎಂದು ಕೇಳಿದರೆ ನನಗೆ ಸರಿ ಅನ್ನಿಸುವುದಿಲ್ಲ. ಆದರೆ ನಿಯಮ ಇರುವುದು ಹಾಗೆ.

ಎಷ್ಟು ಬರುತ್ತೆ? ಗುಂಟೆ ಲೆಕ್ಕದಲ್ಲಿ ಹೇಳಿ.

ಈ ಪ್ರಶ್ನೆ ಕೇಳುವವರು ಬುದ್ಧಿವಂತರು. ಆದೇಶ ಇರುವುದು ಹೆಕ್ಟೇರ್ ಲೆಕ್ಕದಲ್ಲಿ, ನಮ್ಮ ಪಹಣಿ ಇರುವುದು ಎಕರೆ-ಗುಂಟೆಯಲ್ಲಿ. ಗೊಂದಲ ಹುಟ್ಟುವುದೇ ಅಲ್ಲಿ.

2022-23ರಿಂದ 2025-26ರ ಅವಧಿಗೆ ಕೇಂದ್ರ ನಿಗದಿ ಮಾಡಿದ ದರ ಹೀಗಿದೆ: ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ತೆಂಗು, ಅಡಿಕೆ, ಕಾಫಿಯಂಥ ಬಹುವಾರ್ಷಿಕ ಬೆಳೆಗೆ 22,500. ಒಂದು ಹೆಕ್ಟೇರ್ ಎಂದರೆ ಹೆಚ್ಚುಕಡಿಮೆ 2 ಎಕರೆ 19 ಗುಂಟೆ. ಹಾಗಾಗಿ ಗುಂಟೆಗೆ ಸುಮಾರು 86, 172 ಮತ್ತು 228 ರೂಪಾಯಿ ಬೀಳುತ್ತದೆ. ಒಂದೂವರೆ ಎಕರೆ ರಾಗಿ ಹಾಳಾಗಿದ್ದರೆ ಅರವತ್ತು ಗುಂಟೆಗೆ 5,160 ರೂಪಾಯಿ ಆಸುಪಾಸು. ಈ ಒಂದು ಗುಣಾಕಾರ ಬಂದರೆ ಸಾಕು, ನಿಮ್ಮ ಖಾತೆಗೆ ಬಂದ ಮೊತ್ತ ಯಾವ ಬೆಳೆಯದ್ದು, ಎಷ್ಟು ಗುಂಟೆಯದ್ದು ಎಂದು ನೀವೇ ಹಿಂದಕ್ಕೆ ಲೆಕ್ಕ ಹಾಕಿ ಹಿಡಿಯಬಹುದು.

ಇನ್ನೆರಡು ಮಾತು. ಎಷ್ಟೇ ಜಮೀನಿದ್ದರೂ ಒಬ್ಬ ರೈತನಿಗೆ 2 ಹೆಕ್ಟೇರ್‌ವರೆಗೆ ಮಾತ್ರ. ಅಂದರೆ 4 ಎಕರೆ 38 ಗುಂಟೆಗೆ ಮುಗಿಯಿತು. ತೀರಾ ಸಣ್ಣ ತುಂಡಾದರೆ ಕನಿಷ್ಠ ಮೊತ್ತ ಇದೆ: ಮಳೆಯಾಶ್ರಿತಕ್ಕೆ 1,000, ನೀರಾವರಿಗೆ 2,000, ಬಹುವಾರ್ಷಿಕಕ್ಕೆ 2,500. ಐದು ಗುಂಟೆಗೆ 430 ರೂಪಾಯಿ ಕೊಟ್ಟು ಕೈತೊಳೆದುಕೊಳ್ಳುವ ಹಾಗಿಲ್ಲ.

ಒಂದೊಂದು ವರ್ಷ ಒಂದೊಂದು ದರ ಯಾಕೆ?

ಮೇಲಿನದು ಕೇಂದ್ರದ ದರ. ಅದರ ಮೇಲೆ ರಾಜ್ಯ ತನ್ನ ಖಜಾನೆಯಿಂದ ಸೇರಿಸುವುದುಂಟು, ಸೇರಿಸದೆ ಇರುವುದೂ ಉಂಟು. 2021ರ ಡಿಸೆಂಬರ್‌ನಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಮಳೆಯಾಶ್ರಿತ ಬೆಳೆಗೆ 13,600, ನೀರಾವರಿಗೆ 25,000, ಬಹುವಾರ್ಷಿಕಕ್ಕೆ 28,000 ಮಾಡಿತು. ಆಗ ಕೇಂದ್ರದ ಹಳೆಯ ದರ 6,800, 13,500 ಮತ್ತು 18,000 ಇತ್ತು. 2025ರ ಮಳೆ ಹಾನಿಗೆ ಸಿದ್ದರಾಮಯ್ಯ ಸರ್ಕಾರ ಹೆಕ್ಟೇರಿಗೆ 8,500 ಸೇರಿಸಿತು. ಹಾಗಾಗಿ 17,000, 25,500 ಮತ್ತು 31,000 ಆಯಿತು. "ಹೋದ ಸಲ ಅಷ್ಟು ಬಂದಿತ್ತು, ಈ ಸಲ ಯಾರೋ ನುಂಗಿದರು" ಅನ್ನುವ ಮೊದಲು ಆ ವರ್ಷದ ಆದೇಶ ನೋಡಿಕೊಳ್ಳಿ.

2024ರಲ್ಲಿ ಬರ ಪರಿಹಾರ ಲೆಕ್ಕಕ್ಕಿಂತ 2,000 ಕಡಿಮೆ ಬಂತಲ್ಲ?

ಆ 2,000 ನಿಮಗೆ ಮೊದಲೇ ಬಂದಿತ್ತು. 2023ರ ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಆ ಸಂಖ್ಯೆ ಆಮೇಲೆ 223ಕ್ಕೆ ಏರಿತು. ಕೇಂದ್ರದ ದುಡ್ಡು ಬರದೆ ಇದ್ದಾಗ ರಾಜ್ಯವೇ ಮೊದಲ ಕಂತು ಎಂದು ಗರಿಷ್ಠ 2,000 ಕೊಟ್ಟಿತು. ರಾಜ್ಯ ಕೇಳಿದ್ದು 18,171 ಕೋಟಿ. ಕೊನೆಗೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಲ್ಲಿ 3,454 ಕೋಟಿ ಬಂತು. ಅದು ಹಂಚಿಕೆಯಾಗುವಾಗ ಮೊದಲು ಕೊಟ್ಟ 2,000 ಕಳೆದು ಉಳಿದದ್ದನ್ನು ಹಾಕಿದರು.

ಪಾಸ್‌ಬುಕ್ ತೆಗೆದು ಜನವರಿ, ಫೆಬ್ರವರಿ ಪುಟ ತೋರಿಸಿದ ಮೇಲೆ ನಮ್ಮೂರಿನ ಎಷ್ಟೋ ಜನ ಸುಮ್ಮನಾದರು. ಇಬ್ಬರಿಗೆ ಮಾತ್ರ ನಿಜವಾಗಿಯೂ ಬಂದಿರಲಿಲ್ಲ. ಆ ಕಥೆ ಕೆಳಗಿದೆ.

ಅರ್ಜಿ ಹಾಕಬೇಕಾ?

ಬರ ಒಂದು ಬಗೆ, ಮಳೆ-ಆಲಿಕಲ್ಲು ಇನ್ನೊಂದು ಬಗೆ.

ಬರದಲ್ಲಿ ಘೋಷಣೆ ಆಗುವುದು ತಾಲ್ಲೂಕಿಗೆ. ಮಳೆ ಕೊರತೆ, ತೇವಾಂಶ, ಉಪಗ್ರಹದಲ್ಲಿ ಕಾಣುವ ಹಸಿರು, ಇವನ್ನೆಲ್ಲ ನೋಡುತ್ತಾರೆ. ಆಮೇಲೆ ಶೇ 10ರಷ್ಟು ಹಳ್ಳಿಗಳನ್ನು ಆರಿಸಿ ಹೊಲಕ್ಕೆ ಇಳಿದು ಪರೀಕ್ಷಿಸುತ್ತಾರೆ. ಯಾರ್ಯಾರಿಗೆ ಎಷ್ಟು ಎನ್ನುವುದು ಬೆಳೆ ಸಮೀಕ್ಷೆ ಮತ್ತು ಫ್ರೂಟ್ಸ್ (ರೈತರ ಮತ್ತು ಅವರ ಜಮೀನಿನ ಸರ್ಕಾರಿ ನೋಂದಣಿ) ದಾಖಲೆಯಿಂದ ಬರುತ್ತದೆ. ನೀವು ಅರ್ಜಿ ಕೊಟ್ಟರೂ ಕೊಡದಿದ್ದರೂ ಒಂದೇ.

ಅತಿವೃಷ್ಟಿ, ನೆರೆ, ಆಲಿಕಲ್ಲಿನಲ್ಲಿ ಹಾಗಲ್ಲ. ಹಾಳಾದ ಹೊಲವನ್ನೇ ಬಂದು ನೋಡಬೇಕು. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಸೇರಿ ಜಂಟಿ ಸಮೀಕ್ಷೆ ಮಾಡುತ್ತಾರೆ. ಕಾಫಿ ಇದ್ದರೆ ಕಾಫಿ ಮಂಡಳಿಯವರೂ ಇರುತ್ತಾರೆ. ಇಲ್ಲಿ ನಿಮ್ಮ ಅರ್ಜಿಗೆ ಬೆಲೆ ಇದೆ. ಗ್ರಾಮ ಆಡಳಿತ ಅಧಿಕಾರಿಗೆ (ಅದೇ, ನಮ್ಮ ಹಳೆಯ ವಿಲೇಜ್ ಅಕೌಂಟೆಂಟ್) ಸರ್ವೆ ನಂಬರ್ ಸಮೇತ ಬರೆದು ಕೊಡಿ, ಫೋಟೋ ಇಟ್ಟುಕೊಳ್ಳಿ, ಅರ್ಜಿಯ ಒಂದು ಪ್ರತಿಗೆ ಸಹಿ-ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿ ಬಂದರೆ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ.

ನಮ್ಮ ಹೊಲಕ್ಕೆ ಯಾರೂ ಬರಲೇ ಇಲ್ಲ. ಪಹಣಿಯಲ್ಲಿ ಬೇರೆ ಬೆಳೆ ಇದೆ. ಏನು ಮಾಡೋದು?

ನನ್ನ ಕೇಳಿದರೆ, ಪರಿಹಾರದ ದುಡ್ಡು ತಪ್ಪುವುದು ಹತ್ತರಲ್ಲಿ ಏಳು ಸಲ ಇಲ್ಲೇ. ಬ್ಯಾಂಕಿನಲ್ಲೂ ಅಲ್ಲ, ಬೆಂಗಳೂರಿನಲ್ಲೂ ಅಲ್ಲ.

ನಮ್ಮ ದೊಡ್ಡಪ್ಪನ ಹೊಲದ್ದೇ ಹೇಳುತ್ತೇನೆ. ಮೂರು ಎಕರೆ ರಾಗಿ. ಬರಕ್ಕೆ ತೆನೆ ಕಟ್ಟಲಿಲ್ಲ, ಕೊನೆಗೆ ದನ ಬಿಟ್ಟರು. ಊರೆಲ್ಲ ಪರಿಹಾರ ಬಂತು, ಅವರಿಗೆ ಬರಲಿಲ್ಲ. ಮೂರು ತಿಂಗಳು ಬ್ಯಾಂಕಿಗೆ ಓಡಾಡಿದರು. ಕೊನೆಗೆ ಬೆಳೆ ದರ್ಶಕ್ ಆ್ಯಪ್ ತೆಗೆದು ಸರ್ವೆ ನಂಬರ್ ಹಾಕಿ ನೋಡಿದರೆ, ಅಲ್ಲಿ ಅವರ ಹೊಲಕ್ಕೆ "ನೀಲಗಿರಿ" ಎಂದು ಬರೆದಿದೆ! ಫೋಟೋ ನೋಡಿದರೆ ಪಕ್ಕದ ಬದುವಿನದ್ದು. ಸಮೀಕ್ಷೆಗೆ ಬಂದ ಹುಡುಗ ರಸ್ತೆಯಲ್ಲೇ ನಿಂತು ಕಂಡದ್ದನ್ನು ಕ್ಲಿಕ್ ಮಾಡಿಕೊಂಡು ಹೋಗಿದ್ದಾನೆ. ನೀಲಗಿರಿಗೆ ಬರ ಪರಿಹಾರ ಎಲ್ಲಿಂದ ಬರಬೇಕು?

ಆ ಹುಡುಗನನ್ನು ಬೈದು ಏನೂ ಪ್ರಯೋಜನ ಇಲ್ಲ. ಬೆಳೆ ಸಮೀಕ್ಷೆ ಮಾಡುವುದು ಖಾಸಗಿ ನಿವಾಸಿ, ಅಂದರೆ ಊರಿನದ್ದೇ ಯಾವುದೋ ಓದಿದ ಹುಡುಗ ಅಥವಾ ಹುಡುಗಿ. ಒಂದೊಂದು ತಾಕಿಗೆ ಇಷ್ಟು ಎಂದು ಕೊಡುತ್ತಾರೆ. ಓಡಿದಷ್ಟೂ ದುಡ್ಡು. ಹಾಗಿರುವಾಗ ಬದು ಹತ್ತಿ ಇಳಿದು ನೋಡು ಅಂದರೆ ಯಾರು ನೋಡುತ್ತಾರೆ?

ಉಪಾಯ ಎರಡು. ಒಂದು, ರೈತರ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನಿಮ್ಮ ಹೊಲದಲ್ಲಿ ನಿಂತು ನೀವೇ ಫೋಟೋ ಹಾಕಿ. ಎರಡು, ಬೇರೆಯವರು ಹಾಕಿದ್ದನ್ನು ಬೆಳೆ ದರ್ಶಕ್‌ನಲ್ಲಿ ನೋಡಿ, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ. ಇದಕ್ಕೆ ಗಡುವು ಇರುತ್ತದೆ. ಬೆಳೆ ಹೊಲದಲ್ಲಿ ಇರುವಾಗಲೇ ಮಾಡಬೇಕು. ಕೊಯ್ಲಾದ ಮೇಲೆ ರಾಗಿ ಇತ್ತು ಎಂದು ತೋರಿಸಲು ಕೂಳೆಯೂ ಉಳಿದಿರುವುದಿಲ್ಲ. ದೊಡ್ಡಪ್ಪನಿಗೆ ಆ ವರ್ಷದ್ದು ಬರಲೇ ಇಲ್ಲ.

ಪಹಣಿ ಇನ್ನೂ ತೀರಿಕೊಂಡ ಅಪ್ಪನ ಹೆಸರಲ್ಲಿದೆ.

ಹಾಗಿದ್ದರೆ ದುಡ್ಡು ಬರುವುದು ಕಷ್ಟ. ತೀರಿಕೊಂಡವರ ಆಧಾರ್‌ಗೆ ಹಣ ಹಾಕಲು ಆಗುವುದಿಲ್ಲ. ಪೌತಿ ಖಾತೆ ಮಾಡಿಸಿಕೊಳ್ಳಿ, ಅಂದರೆ ಪಹಣಿಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ಅಣ್ಣ-ತಮ್ಮಂದಿರ ಭಾಗ ಆಗಿಲ್ಲ ಎಂದು ಇಪ್ಪತ್ತು ವರ್ಷದಿಂದ ಹಾಗೇ ಬಿಟ್ಟ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಪೌತಿ ಎಂದರೆ ಭಾಗ ಅಲ್ಲ. ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಬರುತ್ತದೆ, ಜಗಳ ಆಮೇಲೆ ಆಡಿಕೊಳ್ಳಬಹುದು.

ಹೆಸರು ಬಂದ ಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಫ್ರೂಟ್ಸ್ ಐಡಿ ಮಾಡಿಸಿ. ನಿಮ್ಮ ಎಲ್ಲ ಸರ್ವೆ ನಂಬರ್‌ಗಳೂ ಅದಕ್ಕೆ ಸೇರಿವೆಯಾ ನೋಡಿ. ನಾಲ್ಕು ಕಡೆ ತುಂಡು ಇದ್ದು ಒಂದೇ ಸೇರಿದ್ದರೆ ಪರಿಹಾರವೂ ಒಂದಕ್ಕೇ.

ಬಗರ್ ಹುಕುಂ ಜಮೀನು (ಮಂಜೂರಾಗದೆ ಉಳುತ್ತಿರುವ ಸರ್ಕಾರಿ ಜಮೀನು), ಗುತ್ತಿಗೆ ಜಮೀನು?

ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಗುತ್ತಿಗೆಗೆ ಮಾಡಿ ಸಾಲ ಹೊತ್ತವನು ಒಬ್ಬ, ಪರಿಹಾರ ತೆಗೆದುಕೊಳ್ಳುವವನು ಹಾಸನದಲ್ಲೋ ಬೆಂಗಳೂರಲ್ಲೋ ಇರುವ ಮಾಲೀಕ. ಮಾತಿನ ಮೇಲೆ ನಿಂತ ಮಾಲೀಕರು ಆ ದುಡ್ಡನ್ನು ಕೊಟ್ಟದ್ದನ್ನೂ ನೋಡಿದ್ದೇನೆ. ಕಾಗದದಲ್ಲಿ ಮಾತ್ರ ಅದಕ್ಕೆ ದಾರಿ ಇಲ್ಲ.

ಪಟ್ಟಿಯಲ್ಲಿ ನನ್ನ ಹೆಸರಿದೆ, ಮೊತ್ತ ಇದೆ. ಖಾತೆಗೆ ಬಂದಿಲ್ಲ.

2024ರ ದುಡ್ಡು ನಿಜವಾಗಿಯೂ ಬಂದಿರಲಿಲ್ಲ ಎಂದು ಮೇಲೆ ಹೇಳಿದೆನಲ್ಲ, ಇದು ಆ ಇಬ್ಬರ ಕಥೆ. ದುಡ್ಡು ಹೋಗುವುದು ನೀವು ಬರೆದುಕೊಟ್ಟ ಖಾತೆ ನಂಬರಿಗಲ್ಲ. ಆಧಾರ್‌ಗೆ ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ಸಂಸ್ಥೆ) ಯಾವ ಬ್ಯಾಂಕ್ ಜೋಡಣೆ ಆಗಿದೆಯೋ ಅಲ್ಲಿಗೆ. ಒಬ್ಬರಿಗೆ ಹಾಗೆ ಹುಡುಕಿದಾಗ, ಯಾವತ್ತೋ ಗ್ಯಾಸ್ ಸಬ್ಸಿಡಿಗೆಂದು ತೆಗೆದು ಮರೆತ ಖಾತೆಯಲ್ಲಿ ಪೂರ್ತಿ ದುಡ್ಡು ತಣ್ಣಗೆ ಕೂತಿತ್ತು. ಇನ್ನೊಬ್ಬ ಅಕ್ಕನಿಗೆ ಜೋಡಣೆಯೇ ತಪ್ಪಿಹೋಗಿತ್ತು. ಆಧಾರ್ ಲಿಂಕ್ ಆಗಿದೆ ಎಂದು ಬ್ಯಾಂಕಿನವರು ಹೇಳುತ್ತಲೇ ಇದ್ದರು. ಕೆವೈಸಿಗೆ ಲಿಂಕ್ ಆಗುವುದು ಬೇರೆ, ಸರ್ಕಾರದ ದುಡ್ಡು ಬರಲು ಎನ್‌ಪಿಸಿಐ ಜೋಡಣೆ ಆಗುವುದು ಬೇರೆ. ಈ ಎರಡನೆಯದನ್ನೇ ಹೆಸರು ಹಿಡಿದು ಕೇಳಿ.

ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನಿಮಗೆ ಯಾವ ಯೋಜನೆಯ ಹಣ ಯಾವ ಬ್ಯಾಂಕಿಗೆ ಹೋಯಿತು ಎಂದು ಕಾಣುತ್ತದೆ. ಮೊದಲು ಅದನ್ನು ನೋಡಿದರೆ ಅರ್ಧ ಓಡಾಟ ತಪ್ಪುತ್ತದೆ.

ಬ್ಯಾಂಕಿನವರು ಸಾಲಕ್ಕೆ ಮುರಿದುಕೊಂಡರು.

ಹಾಗೆ ಮಾಡಬೇಡಿ ಎಂದು 2024ರ ಬರ ಪರಿಹಾರದ ಸಮಯದಲ್ಲಿ ಸರ್ಕಾರವೇ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತ್ತು. ಪಾಸ್‌ಬುಕ್ ಪ್ರತಿ ಇಟ್ಟು ಮ್ಯಾನೇಜರ್‌ಗೆ ಬರೆದು ಕೊಡಿ, ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಗೆ.

ಆ ಪಟ್ಟಿ ಸಿಗೋದು ಎಲ್ಲಿ?

ಕಂದಾಯ ಇಲಾಖೆಯ ಪರಿಹಾರ ಜಾಲತಾಣದಲ್ಲಿ. ಎರಡು ಬಗೆಯಲ್ಲಿ ನೋಡಬಹುದು. ನಿಮ್ಮೊಬ್ಬರದ್ದೇ ಬೇಕಾದರೆ ವರ್ಷ, ವಿಪತ್ತಿನ ಬಗೆ, ಆಧಾರ್ ನಂಬರ್ ಹಾಕಿ. ವಿಪತ್ತಿನ ಬಗೆ ಆರಿಸುವಾಗ ಎಚ್ಚರ. ಬರದ ದುಡ್ಡನ್ನು ನೆರೆಯಲ್ಲಿ ಹುಡುಕಿ "ಏನೂ ಇಲ್ಲ" ಎಂದು ಬೇಸರ ಪಟ್ಟವರನ್ನು ದಿನಾ ನೋಡುತ್ತೇನೆ.

ಇನ್ನೊಂದು ಊರಿನ ಪಟ್ಟಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿದರೆ ಇಡೀ ಊರಿನದ್ದು ಬರುತ್ತದೆ. ನನ್ನ ಮಟ್ಟಿಗೆ ನಿಜವಾದ ಕೆಲಸ ಇರುವುದು ಈ ಎರಡನೆಯದರಲ್ಲಿ.

ಯಾಕೆ ಅಂದರೆ, ಬೆಂಗಳೂರಿನ ಕಂಪ್ಯೂಟರಿಗೆ ಸರ್ವೆ ನಂಬರ್ ಗೊತ್ತು, ಗುಂಟೆ ಗೊತ್ತು. ಅಲ್ಲಿ ಆ ವರ್ಷ ಏನಿತ್ತು ಎಂದು ಗೊತ್ತಿರುವುದು ಬದುವಿನ ಆಚೆಯವನಿಗೆ. ಗೋಮಾಳದಲ್ಲಿ ರಾಗಿ ಬೆಳೆದಂತೆ ತೋರಿಸಿದ್ದರೆ ಜಿಲ್ಲಾಧಿಕಾರಿಗೆ ಅದು ಬರೀ ಒಂದು ಸಾಲು. ಊರಿನ ದನ ಕಾಯುವವನಿಗೆ ಅದು ನಗೆಯ ವಿಷಯ. ಮೊತ್ತಕ್ಕಿಂತ ಮೊದಲು ಸರ್ವೆ ನಂಬರ್ ಮತ್ತು ಬೆಳೆ ನೋಡಿ ಎಂದು ನಾನು ಹೇಳುವುದು ಇದಕ್ಕೇ. ತಪ್ಪು ಸಿಕ್ಕಿಬೀಳುವುದು ಅಲ್ಲಿ.

ಬೇರೆಯವರಿಗೆ ಎಷ್ಟು ಬಂತು ಅಂತ ನೋಡೋದು ತಪ್ಪಲ್ವಾ?

ಈ ಮುಜುಗರ ನನಗೂ ಇತ್ತು. ಮನೆ ವಿಷಯ ಬೀದಿಗೆ ತಂದ ಹಾಗೆ ಅನ್ನಿಸುತ್ತದೆ. ಆದರೆ ಇದು ಅವರ ದುಡಿಮೆಯ ದುಡ್ಡಲ್ಲ, ಸರ್ಕಾರದ ಖಜಾನೆಯದು. ರಾಜ್ಯ ವಿಪತ್ತು ಸ್ಪಂದನಾ ನಿಧಿಯಲ್ಲಿ ಕೇಂದ್ರದ ಪಾಲು ಶೇ 75, ರಾಜ್ಯದ್ದು ಶೇ 25. ಅದರ ಹಂಚಿಕೆ ನೋಡುವ ಹಕ್ಕು ಎಲ್ಲರಿಗೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಓದಿ. ಸಬ್ಸಿಡಿ ಯೋಜನೆಗಳಲ್ಲಿ ಎಷ್ಟು ಹಣ, ಯಾರು ಫಲಾನುಭವಿ ಎನ್ನುವುದನ್ನು ಯಾರೂ ಕೇಳದೆ ಇದ್ದರೂ ಕಚೇರಿಯೇ ಪ್ರಕಟಿಸಬೇಕು ಎಂದಿದೆ.

ಗುಟ್ಟಾಗಿ ಇರಬೇಕಾದದ್ದೂ ಇದೆ. ಆಧಾರ್ ನಂಬರ್, ಖಾತೆ ನಂಬರ್, ಫೋನ್ ನಂಬರ್ ಯಾವ ಪಟ್ಟಿಯಲ್ಲೂ ಪೂರ್ತಿ ಇರಬಾರದು. ಇದ್ದರೆ ಅದರ ಫೋಟೋ ವಾಟ್ಸಾಪ್‌ನಲ್ಲಿ ಹಂಚಬೇಡಿ. ಪಟ್ಟಿ ಬೇಕಾಗಿರುವುದು ಲೆಕ್ಕ ನೋಡಲು. "ನೋಡ್ರೋ, ಅವನಿಗೆ ಇಷ್ಟು ಬಂತು" ಎಂದು ಆಡಿಕೊಳ್ಳಲು ಅಲ್ಲ.

ಒಂದು ಬದಲಾವಣೆ ಗಮನದಲ್ಲಿರಲಿ. ವೈಯಕ್ತಿಕ ಮಾಹಿತಿಯನ್ನು ಕೊಡಬೇಕಾಗಿಲ್ಲ ಎನ್ನುವ ಮಾಹಿತಿ ಹಕ್ಕಿನ 8(1)(ಜೆ), 2023ರ ದತ್ತಾಂಶ ಸಂರಕ್ಷಣೆ ಕಾಯ್ದೆಯ ಮೂಲಕ ತಿದ್ದುಪಡಿಯಾಗಿ 2025ರ ನವೆಂಬರ್‌ನಿಂದ ಜಾರಿಯಲ್ಲಿದೆ. ಮೊದಲು ವೈಯಕ್ತಿಕ ಮಾಹಿತಿಯನ್ನು ಕೊಡಬಹುದಾದ ಸಂದರ್ಭಗಳನ್ನು ಆ ಸಾಲಿನಲ್ಲೇ ಹೇಳಿತ್ತು. ಈಗ ಬರೀ "ವೈಯಕ್ತಿಕ ಮಾಹಿತಿ" ಎಂದಷ್ಟೇ ಉಳಿದಿದೆ. ಅದನ್ನೇ ನೆಪ ಮಾಡಿಕೊಂಡು ಪಟ್ಟಿ ಕೊಡುವುದಿಲ್ಲ ಅಂದರೆ 4(1)(ಬಿ) ಹಾಗೇ ಇದೆ ಎಂದು ನೆನಪಿಸಿ. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಎನ್ನುವ 8(2) ಕೂಡ ಇದೆ. ನನಗೇನೋ ಈ ತಿದ್ದುಪಡಿ ಇಷ್ಟವಾಗಿಲ್ಲ. ಪುಕ್ಕಲು ಅಧಿಕಾರಿಗೆ ಒಂದು ಕೊಡೆ ಕೊಟ್ಟ ಹಾಗಾಯಿತು.

ಮಾಹಿತಿ ಹಕ್ಕಿನ ಅರ್ಜಿ ಬರೆಯೋದು ಹೇಗೆ?

ಚಿಕ್ಕದಾಗಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ತಾಲ್ಲೂಕು ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಜೊತೆ ಕಳಿಸಿ, ಇಲ್ಲವೇ ಆನ್‌ಲೈನ್‌ನಲ್ಲಿ ಹಾಕಿ. "ಯಾಕೆ ಕೊಟ್ಟಿಲ್ಲ?", "ನ್ಯಾಯ ಕೊಡಿ" ಎಂದು ಬರೆದರೆ ಉತ್ತರ ಬರುವುದಿಲ್ಲ. ಕಾಗದ ಕೇಳಿ. ಉದಾಹರಣೆಗೆ: "ನಮ್ಮ ಗ್ರಾಮದ 2023ರ ಮುಂಗಾರು ಬೆಳೆ ಪರಿಹಾರದ ಪಟ್ಟಿ, ಸರ್ವೆ ನಂಬರ್, ಬೆಳೆ, ವಿಸ್ತೀರ್ಣ, ಮಂಜೂರಾದ ಮೊತ್ತದ ಸಮೇತ." ಅತಿವೃಷ್ಟಿಯದ್ದಾದರೆ ಜಂಟಿ ಸಮೀಕ್ಷೆಯ ವರದಿಯನ್ನೂ ಕೇಳಿ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ. ಅದಕ್ಕೂ ಬಗ್ಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಆಯೋಗದಲ್ಲಿ ಜಾಸ್ತಿ ಕಾಲ ಹಿಡಿಯುತ್ತದೆ, ತಾಳ್ಮೆ ಬೇಕು.

ನಮ್ಮದು ಮಲೆನಾಡು. ಕಾಫಿ, ಮೆಣಸು, ಅಡಿಕೆ ಎಲ್ಲ ಒಂದೇ ತೋಟದಲ್ಲಿದೆ.

ಹಾಗಾದರೆ ಬೆಳೆ ಸಮೀಕ್ಷೆಯಲ್ಲಿ ಮಿಶ್ರ ಬೆಳೆ ಎಂದು ದಾಖಲಾಗಿದೆಯಾ ನೋಡಿ. ಕಾಫಿಗೆ ಕೊಳೆ ಬಂದು ಉದುರಿದ್ದನ್ನು ತೋರಿಸುವುದು ರಾಗಿಗಿಂತ ಕಷ್ಟ. ಗಿಡ ನಿಂತಿರುತ್ತದೆ, ಎಲೆ ಹಸಿರಾಗಿರುತ್ತದೆ, ಕಾಯಿ ಮಾತ್ರ ಕೆಳಗೆ. ಅದು ಮಣ್ಣಾಗುವ ಮೊದಲೇ ಫೋಟೋ ತೆಗೆದಿಡಿ.

ಧರೆ ಕುಸಿದು ಜಮೀನೇ ಹೋದರೆ ಲೆಕ್ಕ ಬೇರೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಆದದ್ದು ನೆನಪಿದೆಯಲ್ವಾ? ಸಣ್ಣ, ಅತಿ ಸಣ್ಣ ರೈತರಿಗೆ ಜಮೀನು ಕೊಚ್ಚಿ ಹೋಗಿದ್ದಕ್ಕೆ 2022-23ರಿಂದ 2025-26ರ ಅವಧಿಯ ದರ ಹೆಕ್ಟೇರಿಗೆ 47,000. ಗದ್ದೆಯ ಮೇಲೆ 3 ಇಂಚಿಗಿಂತ ಜಾಸ್ತಿ ಮರಳು, ಹೂಳು ಕೂತಿದ್ದರೆ ತೆಗೆಸಲು 18,000. ಬೆಳೆಯ ಪರಿಹಾರದ ಅರ್ಜಿಯಲ್ಲೇ ಇದೂ ಬರುತ್ತದೆ ಎಂದು ಕೂರಬೇಡಿ, ಹೂಳಿನ ಅಳತೆ ಹಾಕಿ ಬೇರೆಯಾಗಿ ಬರೆದು ಕೊಡಿ.

ಆನೆ ತುಳಿದಿದ್ದು?

ಅದು ಅರಣ್ಯ ಇಲಾಖೆಯದು. ಆಲೂರು, ಸಕಲೇಶಪುರದವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ವಿಮೆ ಇದ್ದರೆ ಪರಿಹಾರ ಇಲ್ವಾ?

ಎರಡೂ ಬೇರೆ, ಎರಡೂ ಬರಬಹುದು. ವಿಮೆಗೆ ನೀವು ಕಂತು ಕಟ್ಟಿರುತ್ತೀರಿ. ಫಸಲ್ ಬಿಮಾದಲ್ಲಿ ಮುಂಗಾರು ಆಹಾರ ಬೆಳೆಗೆ ಶೇ 2. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯಲ್ಲಿ ಶೇ 5. ಅದರ ಲೆಕ್ಕ ಸಂರಕ್ಷಣೆ ಜಾಲತಾಣದಲ್ಲಿದೆ. ಫಸಲ್ ಬಿಮಾ ಮಾಡಿಸಿದ ರೈತರು ಆಲಿಕಲ್ಲು, ನೀರು ನಿಂತದ್ದು ಮುಂತಾದ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು.

"ಪಟ್ಟಿಗೆ ಹೆಸರು ಸೇರಿಸ್ತೀನಿ, ಬಂದದ್ದರಲ್ಲಿ ಅರ್ಧ ಕೊಡು" ಅಂತಾರೆ.

ಕೊಡಬೇಡಿ. ಹಾಳಾಗದ ಹೊಲಕ್ಕೆ ಪರಿಹಾರ ಬರೆಸಿ ಪಾಲು ತೆಗೆದುಕೊಳ್ಳುವ ದಂಧೆ ಶುರುವಾಗುವುದೇ ಹೀಗೆ. ನಾಳೆ ತನಿಖೆ ಬಂದರೆ ದುಡ್ಡು ಹೋಗಿರುವುದು ನಿಮ್ಮ ಖಾತೆಗೆ, ಅವನ ಖಾತೆಗಲ್ಲ.

ಪಟ್ಟಿಯನ್ನು ಊರಲ್ಲಿ ಹಾಕಿಸಬಹುದಾ?

ಕೇಳಬಹುದು. ಗ್ರಾಮಸಭೆಯಲ್ಲಿ ಓದಿಸಿ ಎಂದು ಪಂಚಾಯಿತಿಗೂ, ನೋಟಿಸ್ ಬೋರ್ಡಿಗೆ ಹಾಕಿ ಎಂದು ಗ್ರಾಮ ಆಡಳಿತ ಅಧಿಕಾರಿಗೂ ಬರೆದು ಕೊಡಿ. ನಾವು ಕೇಳಿದಾಗ "ಆನ್‌ಲೈನ್‌ನಲ್ಲಿ ಇದೆಯಲ್ಲ" ಅಂದರು. ಇದೆ, ಆದರೆ ಊರಿನಲ್ಲಿ ಅದನ್ನು ತೆಗೆದು ನೋಡುವವರು ಎಷ್ಟು ಜನ?

ಕೊನೆಗೆ ನಾವೇ ಪ್ರಿಂಟ್ ಹಾಕಿಸಿದೆವು. ಆರು ಹಾಳೆ. ಹಾಲಿನ ಡೈರಿ ಗೋಡೆಗೆ ಅಂಟಿಸಿದೆವು, ಬೆಳಿಗ್ಗೆ-ಸಂಜೆ ಎಲ್ಲರೂ ಬರುವ ಜಾಗ ಅದೊಂದೇ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಓದಿದರು, ಓದಲು ಬಾರದವರಿಗೆ ಮಕ್ಕಳು ಓದಿ ಹೇಳಿದರು. ನಾಲ್ಕನೇ ದಿನಕ್ಕೆ ಯಾರೋ ಪೆನ್ನಿನಲ್ಲಿ ಒಂಬತ್ತು ಸಾಲಿಗೆ ಗುರುತು ಹಾಕಿದ್ದರು. ಐದರಲ್ಲಿ ಬೆಳೆ ತಪ್ಪು. ಮೂರರಲ್ಲಿ ತೀರಿಕೊಂಡವರ ಹೆಸರು. ಒಂದರ ಪಕ್ಕದಲ್ಲಿ, ದಪ್ಪ ಅಕ್ಷರದಲ್ಲಿ, "ಇದು ಕೆರೆ ಅಂಗಳ" ಎಂದು ಬರೆದಿತ್ತು.